ಸರ್ಕಾರದ ಸಾಲ, ಪಂಚಾಯತಿನ ಸಾಲ: ಕಾಸರಗೋಡಿನವರು ಲೆಕ್ಕ ನೋಡುವ ಬಗೆ

ಬಜೆಟ್ ಮಂಡನೆಯಾದಾಗಲೆಲ್ಲ ಒಂದು ದೊಡ್ಡ ಸಂಖ್ಯೆ ಸುದ್ದಿಯಾಗುತ್ತದೆ. ಕೇರಳದ ಸಾಲ ಇಷ್ಟು ಲಕ್ಷ ಕೋಟಿ, ತಲೆಗೆ ಇಷ್ಟು ಸಾವಿರ. ಹೋಟೆಲಿನಲ್ಲಿ ಒಬ್ಬರು ಸರ್ಕಾರವನ್ನು ಬೈಯುತ್ತಾರೆ. ಇನ್ನೊಬ್ಬರು ‘ಎಲ್ಲಾ ರಾಜ್ಯದ್ದೂ ಇದೇ ಕತೆ ಮಾರಾಯ್ರೆ’ ಎನ್ನುತ್ತಾರೆ. ಚಹಾ ಮುಗಿಯುತ್ತದೆ, ಮಾತೂ ಮುಗಿಯುತ್ತದೆ.

ಆ ಒಟ್ಟು ಮೊತ್ತದಿಂದ ತಿಳಿಯುವುದು ಕಡಿಮೆ. ಸಾಲ ಯಾರ ಹೆಸರಿನಲ್ಲಿದೆ, ಯಾವುದಕ್ಕೆ ಖರ್ಚಾಯಿತು, ಯಾವ ಆದಾಯದಿಂದ ತೀರುತ್ತದೆ ಎಂಬ ಮೂರು ಸಂಗತಿ ಗೊತ್ತಾಗಬೇಕು. ಮೂರನೆಯದು ಎಲ್ಲಕ್ಕಿಂತ ಮುಖ್ಯ. ಅದನ್ನೇ ಯಾರೂ ಕೇಳುವುದಿಲ್ಲ.

ಈ ಲೆಕ್ಕ ನೋಡಲು ಬಿಕಾಂ ಓದಿರಬೇಕಾಗಿಲ್ಲ. ಮೊಬೈಲ್‌ನಲ್ಲಿ ಬಜೆಟ್ ಪುಸ್ತಕದ ಪಿಡಿಎಫ್, ಅದರಲ್ಲೇ ಇರುವ ಕ್ಯಾಲ್ಕುಲೇಟರ್, ಒಂದು ರಜಾದಿನದ ಮಧ್ಯಾಹ್ನ ಸಾಕು. ನಾವು ಕಾಸರಗೋಡಿನವರು ಕೇರಳದ ಲೆಕ್ಕಪತ್ರವನ್ನು ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಓದಬೇಕಾಗುತ್ತದೆ. ಅದಕ್ಕೂ ದಾರಿ ಇದೆ, ಮುಂದೆ ಹೇಳುತ್ತೇನೆ.

ಹಂತ 1: ಸಾಲ ಯಾರ ಹೆಸರಿನಲ್ಲಿದೆ ನೋಡಿ

ಸಂವಿಧಾನದ 293ನೇ ವಿಧಿಯ ಪ್ರಕಾರ ರಾಜ್ಯ ಸರ್ಕಾರ ದೇಶದ ಒಳಗೆ ಮಾತ್ರ ಸಾಲ ತೆಗೆಯಬಹುದು. ಕೇಂದ್ರಕ್ಕೆ ತೀರಿಸಬೇಕಾದ ಹಳೆ ಸಾಲ ಬಾಕಿ ಇದ್ದರೆ ಹೊಸ ಸಾಲಕ್ಕೆ ಕೇಂದ್ರದ ಒಪ್ಪಿಗೆ ಬೇಕು. ಹಳೆ ಬಾಕಿ ಇದ್ದೇ ಇರುತ್ತದೆ, ಹಾಗಾಗಿ ಲಗಾಮು ದೆಹಲಿಯಲ್ಲಿ. ಪ್ರತಿ ವರ್ಷ ರಾಜ್ಯದ ಒಟ್ಟು ಉತ್ಪನ್ನದ, ಅಂದರೆ ಜಿಎಸ್‌ಡಿಪಿಯ, ಇಂತಿಷ್ಟು ಭಾಗ ಎಂದು ಮಿತಿ ಹಾಕುತ್ತಾರೆ. 15ನೇ ಹಣಕಾಸು ಆಯೋಗ 2021-22ಕ್ಕೆ ಶೇ. 4, ಮರುವರ್ಷ ಶೇ. 3.5, ಆಮೇಲೆ 2025-26ರ ತನಕ ಶೇ. 3 ಎಂದು ಹೇಳಿತ್ತು. ವಿದ್ಯುತ್ ವಲಯದಲ್ಲಿ ಸುಧಾರಣೆ ಮಾಡಿದ ರಾಜ್ಯಕ್ಕೆ ಇನ್ನೂ ಅರ್ಧ ಶೇಕಡ.

ಹಾಗಾದರೆ ವಿಶ್ವಬ್ಯಾಂಕ್, ಎಡಿಬಿ (ಏಷ್ಯನ್ ಅಭಿವೃದ್ಧಿ ಬ್ಯಾಂಕ್) ಸಾಲಗಳು? ಅವು ಭಾರತ ಸರ್ಕಾರದ ಮೂಲಕವೇ ರಾಜ್ಯಕ್ಕೆ ಬರುತ್ತವೆ. ಗಡಿಯಾಚೆ ಮಂಗಳೂರಿನವರಿಗೆ ಕುಡ್ಸೆಂಪ್ ಹೆಸರು ಹೇಳಿದರೆ ಸಾಕು, ಅಗೆದ ರಸ್ತೆ ಮತ್ತು ಒಳಚರಂಡಿ ಕೊಳವೆಗಳು ನೆನಪಾಗುತ್ತವೆ. ಅದು 1999ರಲ್ಲಿ ಎಡಿಬಿ ಮಂಜೂರು ಮಾಡಿದ ಸಾಲದ ಯೋಜನೆ. ನಮ್ಮ ಕಡೆ ಈಗ ನಡೆಯುತ್ತಿರುವುದು ಕೇರಳ ಘನತ್ಯಾಜ್ಯ ನಿರ್ವಹಣಾ ಯೋಜನೆ. ವಿಶ್ವಬ್ಯಾಂಕಿನದು 105 ಮಿಲಿಯನ್ ಡಾಲರ್, ಏಷ್ಯನ್ ಇನ್‌ಫ್ರಾಸ್ಟ್ರಕ್ಚರ್ ಬ್ಯಾಂಕಿನದು ಅಷ್ಟೇ. ರಾಜ್ಯದ 93 ನಗರಸಭೆ ಮತ್ತು ಕಾರ್ಪೊರೇಷನ್‌ಗಳಿಗೆ ಇದು ಅನ್ವಯ. ಕಾಸರಗೋಡು, ಕಾಞಂಗಾಡ್, ನೀಲೇಶ್ವರ ಮೂರೂ ಅದರಲ್ಲಿವೆ. ಕಸದ ಗಾಡಿ ನಗರಸಭೆಯದ್ದು, ಸಾಲ ಮೇಲಿನವರದ್ದು.

ಇದೇ ರೀತಿ ಹಳ್ಳಿಯ ಸೇತುವೆಗಳ ಪಕ್ಕದ ಫಲಕದಲ್ಲಿ ‘ನಬಾರ್ಡ್ ಸಹಾಯದಿಂದ’ ಎಂದು ಬರೆದಿರುತ್ತದೆ. ಸಹಾಯ ಅಂದರೆ ದಾನ ಅಂದುಕೊಳ್ಳಬೇಡಿ. ಗ್ರಾಮೀಣ ಮೂಲಸೌಕರ್ಯ ನಿಧಿ ಎಂದು 1995-96ರಿಂದ ನಡೆಯುತ್ತಿರುವ ಈ ವ್ಯವಸ್ಥೆಯಲ್ಲಿ ನಬಾರ್ಡ್, ಅಂದರೆ ರಾಷ್ಟ್ರೀಯ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿ ಬ್ಯಾಂಕ್, ರಾಜ್ಯಗಳಿಗೆ ಕೊಡುವುದು ಸಾಲ. ಬಡ್ಡಿ ಕಮ್ಮಿ, ಆದರೆ ಸಾಲವೇ.

ಪಂಚಾಯತು, ನಗರಸಭೆಗಳದ್ದು ಕೊನೆಯ ಮೆಟ್ಟಿಲು. ಅವು ತಮ್ಮಷ್ಟಕ್ಕೆ ಮಾರುಕಟ್ಟೆಗೆ ಹೋಗುವಂತಿಲ್ಲ. 1963ರ ಕೇರಳ ಸ್ಥಳೀಯ ಪ್ರಾಧಿಕಾರಗಳ ಸಾಲ ಕಾನೂನಿನಡಿ ಸರ್ಕಾರದ ಒಪ್ಪಿಗೆ ಬೇಕು. ಸಾಮಾನ್ಯವಾಗಿ ಸಾಲ ಕೊಡುವುದು ಕೇರಳ ನಗರ ಮತ್ತು ಗ್ರಾಮೀಣ ಅಭಿವೃದ್ಧಿ ಹಣಕಾಸು ನಿಗಮ, ಇಲ್ಲವೇ ಕೇಂದ್ರ ಸರ್ಕಾರದ ವಸತಿ ಹಣಕಾಸು ಸಂಸ್ಥೆ ಹುಡ್ಕೊ.

ಇಷ್ಟೊಂದು ಅನುಮತಿ ಯಾಕೆ ಅಂತ ಅನಿಸಬಹುದು. ಬ್ರೆಜಿಲ್ ನೋಡಿ. ಅಲ್ಲಿನ ರಾಜ್ಯಗಳು ತಮ್ಮದೇ ಬ್ಯಾಂಕುಗಳಿಂದ ಮನಸ್ಸಿಗೆ ಬಂದಷ್ಟು ಸಾಲ ತೆಗೆದವು. ತೀರಿಸಲಾಗದೆ ಕೈಚೆಲ್ಲಿದಾಗ ಕೇಂದ್ರ ಸರ್ಕಾರ 1997ರಲ್ಲಿ ಆ ಸಾಲವನ್ನು ತನ್ನ ತಲೆಗೆ ಹಾಕಿಕೊಳ್ಳಬೇಕಾಯಿತು. 2000ದಲ್ಲಿ ಬಂದ ಹಣಕಾಸು ಹೊಣೆಗಾರಿಕೆ ಕಾನೂನು, ಒಂದು ಸರ್ಕಾರ ಇನ್ನೊಂದು ಸರ್ಕಾರಕ್ಕೆ ಸಾಲ ಕೊಡುವುದನ್ನೇ ನಿಷೇಧಿಸಿತು. ಕೊನೆಗೆ ದೊಡ್ಡಣ್ಣ ತೀರಿಸುತ್ತಾನೆ ಎಂಬ ಧೈರ್ಯವಿದ್ದರೆ ಸಾಲ ತೆಗೆಯುವವರಿಗೂ ಕೊಡುವವರಿಗೂ ಹೆದರಿಕೆ ಇರುವುದಿಲ್ಲ, ಅಲ್ವಾ?

ಹಂತ 2: ‘ಬಜೆಟ್ ಇನ್ ಬ್ರೀಫ್’ ತೆರೆಯಿರಿ

ಕೇರಳ ಹಣಕಾಸು ಇಲಾಖೆಯ ಜಾಲತಾಣದಲ್ಲಿ ಬಜೆಟ್ ದಾಖಲೆಗಳು ರಾಶಿ ಬಿದ್ದಿರುತ್ತವೆ. ಅವುಗಳಲ್ಲಿ ‘ಬಜೆಟ್ ಇನ್ ಬ್ರೀಫ್’ ಎಂಬುದನ್ನು ಇಳಿಸಿಕೊಳ್ಳಿ. ಭಾಷಣ ಬಿಡಿ, ಅದರಲ್ಲಿ ಲೆಕ್ಕ ಕಮ್ಮಿ.

ಸಾಲ ಹುಡುಕಲು ಲೆಕ್ಕದ ತಲೆಬರಹಗಳಿಗೆ ಕೊಟ್ಟ ನಾಲ್ಕು ಸಂಖ್ಯೆ ನೆನಪಿಟ್ಟುಕೊಳ್ಳಿ. ದೇಶದ ಎಲ್ಲ ರಾಜ್ಯಗಳಲ್ಲೂ ಇವು ಒಂದೇ, ಆದ್ದರಿಂದ ಭಾಷೆ ಬಾರದಿದ್ದರೂ ತೊಂದರೆಯಿಲ್ಲ. 6003 ಎಂದರೆ ರಾಜ್ಯದ ಆಂತರಿಕ ಸಾಲ: ಬಾಂಡ್, ನಬಾರ್ಡ್, ಸಣ್ಣ ಉಳಿತಾಯ ನಿಧಿ ಎಲ್ಲ ಇಲ್ಲಿ. 6004 ಎಂದರೆ ಕೇಂದ್ರದಿಂದ ಬಂದ ಸಾಲ. 8009 ನೌಕರರ ಪಿಎಫ್. 2049 ಬಡ್ಡಿ ಪಾವತಿ.

ಬಾಂಡ್ ಅಂದರೆ ಸರ್ಕಾರ ಬಡ್ಡಿಗೆ ಸಾಲ ಪಡೆದು ಕೊಡುವ ಪತ್ರ. ರಿಸರ್ವ್ ಬ್ಯಾಂಕ್ ಸಾಮಾನ್ಯವಾಗಿ ಮಂಗಳವಾರದಂದು ಅದರ ಹರಾಜು ನಡೆಸುತ್ತದೆ. ‘ಕೇರಳ ಮತ್ತೆ ಇಷ್ಟು ಸಾವಿರ ಕೋಟಿ ಸಾಲ ಎತ್ತಿತು’ ಎಂಬ ಸುದ್ದಿ ಬರುವುದು ಇದರದ್ದೇ. ಓಣಂ ಮೊದಲು ಇದು ಜಾಸ್ತಿ, ಯಾಕೆಂದರೆ ಬೋನಸ್ಸು, ಹಬ್ಬದ ಭತ್ಯೆ, ಪಿಂಚಣಿ ಎಲ್ಲ ಒಟ್ಟಿಗೆ ಕೊಡಬೇಕು. ಸುದ್ದಿಯಲ್ಲಿ ಬರುವುದು ಒಟ್ಟು ಎತ್ತಿದ ಮೊತ್ತ. ಅದರಲ್ಲಿ ಒಂದು ಪಾಲು ಹತ್ತು ಹನ್ನೆರಡು ವರ್ಷ ಹಿಂದಿನ ಬಾಂಡ್‌ನ ಅವಧಿ ಮುಗಿದು ಅಸಲು ಕೊಡಲು ಹೋಗುತ್ತದೆ. ಹೊಸದು ತೆಗೆದು ಹಳೆಯದು ತೀರಿಸುವುದು ಎಲ್ಲ ಸರ್ಕಾರಗಳ ಪದ್ಧತಿ. ನೀವು ನೋಡಬೇಕಾದ್ದು ತೀರಿಸಿದ್ದು ಕಳೆದು ಉಳಿಯುವ ನಿವ್ವಳ ಸಾಲ. ಈ ಬಾಂಡ್‌ಗಳನ್ನು ನೀವೂ ಕೊಳ್ಳಬಹುದು. 2021ರ ನವೆಂಬರ್‌ನಲ್ಲಿ ಶುರುವಾದ ರಿಸರ್ವ್ ಬ್ಯಾಂಕಿನ ರಿಟೇಲ್ ಡೈರೆಕ್ಟ್ ಖಾತೆಯಲ್ಲಿ 10,000 ರೂಪಾಯಿಯಿಂದ ಶುರು.

ಕೇರಳದ ಪುಸ್ತಕದಲ್ಲಿ ಬೇರೆ ರಾಜ್ಯಗಳಲ್ಲಿ ಅಷ್ಟಾಗಿ ಕಾಣದ ಎರಡು ಸಾಲುಗಳಿವೆ. ಒಂದು, ಅಂಚೆ ಕಚೇರಿಯ ಸಣ್ಣ ಉಳಿತಾಯದಿಂದ ಬರುವ ಸಾಲ. 2016ರಿಂದ ಹೆಚ್ಚಿನ ರಾಜ್ಯಗಳು ಅದರಿಂದ ಹೊರಬಂದವು. ಕೇರಳ, ಮಧ್ಯಪ್ರದೇಶ, ಅರುಣಾಚಲ ಪ್ರದೇಶ ಮತ್ತು ದೆಹಲಿ ಮಾತ್ರ ಉಳಿದುಕೊಂಡವು. ಇನ್ನೊಂದು ಟ್ರೆಷರಿ ಉಳಿತಾಯ ಖಾತೆ. ಇಲ್ಲಿ ಟ್ರೆಷರಿಯೇ ಬ್ಯಾಂಕಿನ ಹಾಗೆ ಜನರಿಂದ ಠೇವಣಿ ತೆಗೆದುಕೊಳ್ಳುತ್ತದೆ. ನಿಮ್ಮ ಮನೆಯ ನಿವೃತ್ತ ಮಾಸ್ಟ್ರು ಕಾಸರಗೋಡು ಟ್ರೆಷರಿಯಲ್ಲಿ ಇಟ್ಟ ಎಫ್‌ಡಿ ಅವರಿಗೆ ಉಳಿತಾಯ, ಸರ್ಕಾರಕ್ಕೆ ಸಾಲ. ಬಡ್ಡಿ ಹೆಚ್ಚು ಸಿಗುತ್ತದೆ ಎಂದು ಅವರು ಖುಷಿಪಡುವಾಗ, ಆ ಬಡ್ಡಿ 2049 ಎಂಬ ಸಂಖ್ಯೆಯ ಬಡ್ಡಿ ಲೆಕ್ಕಕ್ಕೆ ಸೇರುತ್ತಿರುತ್ತದೆ.

ಹಂತ 3: ಎರಡೇ ಎರಡು ಭಾಗಾಕಾರ

ಮೊದಲನೆಯದು: ಬಡ್ಡಿ ಪಾವತಿಯನ್ನು ರಾಜಸ್ವ ಆದಾಯದಿಂದ, ಅಂದರೆ ತೆರಿಗೆ, ಶುಲ್ಕ, ಕೇಂದ್ರದ ಪಾಲು ಹೀಗೆ ಸಾಲವಲ್ಲದ ನಿತ್ಯದ ಆದಾಯದಿಂದ, ಭಾಗಿಸಿ. 2022-23ರಲ್ಲಿ ಕೇರಳದ ರಾಜಸ್ವ ಆದಾಯ ಸುಮಾರು 1.32 ಲಕ್ಷ ಕೋಟಿ, ಬಡ್ಡಿ ಸುಮಾರು 25,000 ಕೋಟಿ. ಅಂದರೆ ಕೈಗೆ ಬಂದ ಪ್ರತಿ 100 ರೂಪಾಯಿಯಲ್ಲಿ 19 ರೂಪಾಯಿ ಬಡ್ಡಿಗೆ. ಸಂಬಳ, ಪಿಂಚಣಿ ಕೊಡುವ ಮೊದಲೇ ಇದು ಹೋಯಿತು. ತಲೆಗೆ ಇಷ್ಟು ಸಾಲ ಎನ್ನುವುದಕ್ಕಿಂತ ಇದು ಹೆಚ್ಚು ಅರ್ಥವುಳ್ಳ ಲೆಕ್ಕ, ಯಾಕೆಂದರೆ ತೀರಿಸುವ ತಾಕತ್ತು ಇದರಲ್ಲಿ ಕಾಣುತ್ತದೆ. ನಾಲ್ಕೈದು ವರ್ಷದ್ದು ಸಾಲಾಗಿ ಬರೆದುಕೊಳ್ಳಿ. ಒಂದು ವರ್ಷದ ಸಂಖ್ಯೆಯಲ್ಲಿ ಏನೂ ಇಲ್ಲ, ಏರುತ್ತಿದೆಯೋ ಇಳಿಯುತ್ತಿದೆಯೋ ಅನ್ನುವುದು ಮುಖ್ಯ.

ಎರಡನೆಯದು: ರಾಜಸ್ವ ಕೊರತೆಯನ್ನು (ದೈನಂದಿನ ಖರ್ಚಿಗೆ ನಿತ್ಯದ ಆದಾಯ ಸಾಲದೆ ಬಿದ್ದ ಕೊರತೆ) ಒಟ್ಟು ವಿತ್ತೀಯ ಕೊರತೆಯಿಂದ (ಎಲ್ಲ ಖರ್ಚಿಗೂ ಸೇರಿ ಆ ವರ್ಷ ಸಾಲದಿಂದ ತುಂಬಿಸಿದ ಕೊರತೆ) ಭಾಗಿಸಿ. ಅದೇ 2022-23ರಲ್ಲಿ ವಿತ್ತೀಯ ಕೊರತೆ ಸುಮಾರು 25,500 ಕೋಟಿ, ಅದರಲ್ಲಿ ರಾಜಸ್ವ ಕೊರತೆ ಸುಮಾರು 9,200 ಕೋಟಿ. ಸಾಲವಾಗಿ ತಂದ 100 ರೂಪಾಯಿಯಲ್ಲಿ 36 ರೂಪಾಯಿ ದೈನಂದಿನ ಖರ್ಚಿಗೇ ಹೋಯಿತು ಎಂದರ್ಥ. ಅಡಿಕೆ ತೋಟಕ್ಕೆ ಬೋರ್‌ವೆಲ್ ಕೊರೆಸಲು ಸಾಲ ಮಾಡುವುದು ಬೇರೆ, ದಿನಸಿ ತರಲು ಸಾಲ ಮಾಡುವುದು ಬೇರೆ.

ಆದರೆ ಈ ಎರಡನೇ ಲೆಕ್ಕವನ್ನು ಕುರುಡಾಗಿ ನಂಬಬೇಡಿ. ಶಾಲೆಯ ಟೀಚರ ಸಂಬಳ, ಪ್ರಾಥಮಿಕ ಆರೋಗ್ಯ ಕೇಂದ್ರದ ನರ್ಸ್ ಸಂಬಳ, ಮದ್ದಿನ ಖರ್ಚು ಎಲ್ಲ ರಾಜಸ್ವ ಖರ್ಚಿನಲ್ಲೇ ಬರುತ್ತವೆ. ಕಟ್ಟಡ ಕಟ್ಟಿದರೆ ಬಂಡವಾಳ, ಒಳಗೆ ಡಾಕ್ಟರನ್ನು ನೇಮಿಸಿದರೆ ದೈನಂದಿನ ಖರ್ಚು! ಡಾಕ್ಟರಿಲ್ಲದ ಆಸ್ಪತ್ರೆ ಕಟ್ಟಡ ಎಷ್ಟು ಉಪಯೋಗಕ್ಕೆ ಬರುತ್ತದೆ ಎಂದು ನಮ್ಮ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಹಂತ 4: ಪುಸ್ತಕದಲ್ಲಿ ಇಲ್ಲದ ಸಾಲ ಹುಡುಕಿ

ಇಲ್ಲಿ ಸ್ವಲ್ಪ ನಿಧಾನ ಮಾಡಿ. ಅಭಿವೃದ್ಧಿಶೀಲ ದೇಶಗಳಲ್ಲಿ ರಾಜ್ಯಗಳ ಸಾಲದ ಕತೆ ಸ್ವಾರಸ್ಯವಾಗುವುದು ಇಲ್ಲಿಂದ.

ಸಾಲಕ್ಕೆ ಮಿತಿ ಹಾಕಿದರೆ ಸರ್ಕಾರಗಳು ಏನು ಮಾಡುತ್ತವೆ? ಒಂದು ಕಂಪೆನಿಯನ್ನೋ ಮಂಡಳಿಯನ್ನೋ ಮಾಡಿ ಅದರ ಹೆಸರಿನಲ್ಲಿ ಸಾಲ ತೆಗೆಯುತ್ತವೆ. ಚೀನಾದಲ್ಲಿ 1994ರ ಬಜೆಟ್ ಕಾನೂನು ಸ್ಥಳೀಯ ಸರ್ಕಾರಗಳು ಸಾಲ ತೆಗೆಯದಂತೆ ತಡೆಯಿತು. ಅವು ಹಣಕಾಸು ಕಂಪೆನಿಗಳನ್ನು ಹುಟ್ಟುಹಾಕಿ, ಅವುಗಳ ಮೂಲಕ ಸಾಲ ತೆಗೆದು ರಸ್ತೆ, ಮೆಟ್ರೊ ಕಟ್ಟಿದವು. ಒಟ್ಟು ಎಷ್ಟು ಸಾಲವಾಗಿದೆ ಎಂದು ಎಣಿಸಲು ಬೀಜಿಂಗ್‌ಗೇ ಕಷ್ಟವಾಯಿತು. 2014ರಲ್ಲಿ ಕಾನೂನು ತಿದ್ದಿ, ಪ್ರಾಂತ್ಯಗಳು ನೇರವಾಗಿ ಬಾಂಡ್ ಬಿಡಬಹುದು ಎಂದರು.

ನಮ್ಮಲ್ಲಿ ಕಿಫ್ಬಿ, ಅಂದರೆ ಕೇರಳ ಮೂಲಸೌಕರ್ಯ ಹೂಡಿಕೆ ನಿಧಿ ಮಂಡಳಿ, ಇದೆ. 1999ರ ಕಾನೂನಿನಿಂದ ಹುಟ್ಟಿದ ಮಂಡಳಿ, 2016ರಲ್ಲಿ ತಿದ್ದುಪಡಿಯಾದ ಮೇಲೆ ಬಲ ಬಂತು. ನಂದಾರಪದವಿನಿಂದ ಪಾರಶ್ಶಾಲೆಗೆ ಹೋಗುವ ಮಲೆನಾಡು ಹೆದ್ದಾರಿಗೆ ಹಣ ಕಿಫ್ಬಿಯದು. ತಲಪಾಡಿಯಿಂದ ಶುರುವಾಗುವ ಷಟ್ಪಥ ರಾಷ್ಟ್ರೀಯ ಹೆದ್ದಾರಿ 66ಕ್ಕೆ ಭೂಸ್ವಾಧೀನದ ಶೇ. 25 ವೆಚ್ಚವನ್ನು ಕೇರಳ ಹೊತ್ತುಕೊಂಡಿತಲ್ಲ, 5,500 ಕೋಟಿಗೂ ಹೆಚ್ಚಿನ ಆ ಹಣವನ್ನೂ ಕೊಟ್ಟದ್ದು ಕಿಫ್ಬಿ. 2019ರಲ್ಲಿ ಅದು ಲಂಡನ್ ಷೇರು ಮಾರುಕಟ್ಟೆಯಲ್ಲಿ 2,150 ಕೋಟಿಯ ಮಸಾಲಾ ಬಾಂಡ್ (ವಿದೇಶದಲ್ಲಿ ಮಾರುವ, ರೂಪಾಯಿ ಲೆಕ್ಕದ ಬಾಂಡ್) ಬಿಟ್ಟಿತು, ಬಡ್ಡಿ ಶೇ. 9.723. ರಾಜ್ಯ ವಿದೇಶದಲ್ಲಿ ಸಾಲ ತೆಗೆಯುವಂತಿಲ್ಲ, ಆದರೆ ರಾಜ್ಯದ ಮಂಡಳಿ ತೆಗೆಯಬಹುದೇ? ಸಂವಿಧಾನಕ್ಕೆ ವಿರುದ್ಧ ಎಂದರು, ಸರ್ಕಾರದ ಲೆಕ್ಕ ಪರಿಶೋಧಿಸುವ ಮಹಾಲೇಖಪಾಲರು (ಸಿಎಜಿ), ತಮ್ಮ ವರದಿಯಲ್ಲಿ. ಅಲ್ಲ ಎಂದಿತು ಸರ್ಕಾರ. 2021ರ ಜನವರಿಯಲ್ಲಿ ವಿಧಾನಸಭೆ ವರದಿಯ ಆ ಭಾಗವನ್ನೇ ತಿರಸ್ಕರಿಸಿ ನಿರ್ಣಯ ಮಾಡಿತು.

ಕಾನೂನಿನ ವಾದ ಏನೇ ಇರಲಿ. ನಮ್ಮ ಮೂರನೇ ಪ್ರಶ್ನೆ ಕೇಳಿ: ಯಾವ ಆದಾಯದಿಂದ ತೀರುತ್ತದೆ? ಕಿಫ್ಬಿಗೆ ಗೊತ್ತುಮಾಡಿದ ಆದಾಯ ಮೋಟಾರು ವಾಹನ ತೆರಿಗೆಯ ಅರ್ಧ ಪಾಲು ಮತ್ತು ಪೆಟ್ರೋಲ್-ಡೀಸೆಲ್ ಮೇಲೆ ಲೀಟರಿಗೆ 1 ರೂಪಾಯಿಯ ಸೆಸ್. ಇವೆರಡೂ ಸರ್ಕಾರದ ಬೊಕ್ಕಸಕ್ಕೆ ಬರಬೇಕಾದ ತೆರಿಗೆಗಳೇ. ಹೆಸರು ಬೇರೆ, ಜೇಬು ಒಂದೇ. ಸಾಲ ಸರ್ಕಾರದ್ದಲ್ಲ ಎಂಬ ಮಾತು ನನಗಂತೂ ಗಂಟಲಲ್ಲಿ ಇಳಿಯುವುದಿಲ್ಲ. ಹಾಗೆಂದು ಹೆದ್ದಾರಿ ಬೇಡವಿತ್ತು ಅಂತಲೂ ಅಲ್ಲ. ಇನ್ನು, ಗಡಿ ದಾಟಿ ಕರ್ನಾಟಕದ ಬಂಕಿನಲ್ಲಿ ಟ್ಯಾಂಕ್ ತುಂಬಿಸಿಕೊಂಡು ಬರುವ ಮಂಜೇಶ್ವರದವರು ಈ ಸಾಲ ತೀರಿಸುವ ಸೆಸ್ಸಿಗೆ ಅಷ್ಟರಮಟ್ಟಿಗೆ ಚಕ್ಕರ್ ಹಾಕುತ್ತಾರೆ ಎಂಬುದನ್ನೂ ಹೇಳಿಬಿಡಬೇಕು.

ಇದೇ ಜಾತಿಯ ಇನ್ನೊಂದು ಸಂಸ್ಥೆ 2018ರಲ್ಲಿ ಹುಟ್ಟಿದ ಸಾಮಾಜಿಕ ಭದ್ರತಾ ಪಿಂಚಣಿ ಕಂಪೆನಿ. ಕ್ಷೇಮ ಪಿಂಚಣಿ ತಿಂಗಳು ತಪ್ಪದೆ ಕೊಡಲು ಅದು ಸಾಲ ತೆಗೆಯುತ್ತದೆ. ಸಾಲ ಕೊಟ್ಟವರಲ್ಲಿ ಪ್ರಾಥಮಿಕ ಸಹಕಾರಿ ಸಂಘಗಳ ಒಕ್ಕೂಟವೂ ಇದೆ. ನೀವು ಊರಿನ ಸರ್ವಿಸ್ ಸಹಕಾರಿ ಬ್ಯಾಂಕಿನಲ್ಲಿ ಇಟ್ಟ ಠೇವಣಿ ತಿರುವನಂತಪುರ ಸುತ್ತಿ, ಅದೇ ಊರಿನ ಅಜ್ಜಿಯ ಪಿಂಚಣಿಯಾಗಿ ಬಂದಿರಲೂಬಹುದು.

2022ರಲ್ಲಿ ಕೇಂದ್ರ ಸರ್ಕಾರ, ರಾಜ್ಯದ ಬಜೆಟ್‌ನಿಂದ ತೀರಿಸುವ ಇಂಥ ಸಾಲಗಳನ್ನು ರಾಜ್ಯದ ಮಿತಿಗೇ ಸೇರಿಸಲು ಶುರುಮಾಡಿತು. ಅಷ್ಟರಮಟ್ಟಿಗೆ ಕೇರಳ ತೆಗೆಯಬಹುದಾದ ಸಾಲ ಕಡಿತವಾಯಿತು. 2023ರ ಡಿಸೆಂಬರ್‌ನಲ್ಲಿ ಕೇರಳ ಸುಪ್ರೀಂ ಕೋರ್ಟಿಗೆ ಹೋಯಿತು. 2024ರ ಏಪ್ರಿಲ್ 1ರಂದು ಕೋರ್ಟು ಮಧ್ಯಂತರ ಪರಿಹಾರ ಕೊಡಲು ಒಪ್ಪಲಿಲ್ಲ, 293ನೇ ವಿಧಿಯ ಪ್ರಶ್ನೆಯನ್ನು ಐವರು ನ್ಯಾಯಮೂರ್ತಿಗಳ ಪೀಠಕ್ಕೆ ವಹಿಸಿತು. ಟಿವಿಯಲ್ಲಿ ‘ಕೇಂದ್ರ ಸಾಲ ಕೊಡುತ್ತಿಲ್ಲ’ ಎಂದು ಕೇಳಿದರೆ ತಿಳಿದುಕೊಳ್ಳಿ, ಅದು ಕೇಂದ್ರದ ದುಡ್ಡಿನ ಮಾತಲ್ಲ, ಮಾರುಕಟ್ಟೆಯಿಂದ ತೆಗೆಯಲು ಕೊಡುವ ಅನುಮತಿಯ ಮಾತು.

ಗ್ಯಾರಂಟಿಯದ್ದು ಬೇಗ ಹೇಳಿ ಮುಗಿಸುತ್ತೇನೆ. ನಿಗಮಗಳು ತೆಗೆದ ಸಾಲಕ್ಕೆ ಸರ್ಕಾರ ಜಾಮೀನು ನಿಂತರೆ ಅದು ಸಾಲದ ಪಟ್ಟಿಯಲ್ಲಿ ಬರುವುದಿಲ್ಲ. ಕೇರಳದಲ್ಲಿ ಇದಕ್ಕೆ ಮಿತಿ ಹಾಕುವ 2003ರ ಕಾನೂನಿದೆ. ಜಾಮೀನು ನಿಂತ ಮೊತ್ತ ಎಷ್ಟು ಎಂಬುದು ಮಹಾಲೇಖಪಾಲರ ಹಣಕಾಸು ವರದಿಯಲ್ಲಿ ಸಿಗುತ್ತದೆ.

ಹಂತ 5: ಈಗ ನಿಮ್ಮ ನಗರಸಭೆ, ಪಂಚಾಯತಿಗೆ ಬನ್ನಿ

ಜಿಲ್ಲೆಯಲ್ಲಿ 3 ನಗರಸಭೆ, 38 ಗ್ರಾಮ ಪಂಚಾಯತು, 6 ಬ್ಲಾಕ್ ಪಂಚಾಯತು ಇವೆ. ಇವುಗಳಿಗೆ ಸರ್ಕಾರದಿಂದ ಮೂರು ಬಗೆಯ ಹಣ ಬರುತ್ತದೆ: ಅಭಿವೃದ್ಧಿ ಫಂಡ್, ಮೈಂಟೆನೆನ್ಸ್ ಫಂಡ್, ಜನರಲ್ ಪರ್ಪಸ್ ಫಂಡ್. ಉಳಿದದ್ದು ತನ್ನದೇ ದುಡಿಮೆ: ಕಟ್ಟಡ ತೆರಿಗೆ, ವೃತ್ತಿ ತೆರಿಗೆ, ಪರ್ಮಿಟ್ ಶುಲ್ಕ, ಅಂಗಡಿ ಬಾಡಿಗೆ. ಮಲಯಾಳ ಕಾಗದಗಳಲ್ಲಿ ಇದನ್ನು ‘ತನತು ಫಂಡ್’ ಎನ್ನುತ್ತಾರೆ. ಅಂಗಡಿ ಕಟ್ಟಡದಂಥ ಸಾಲ ತೀರಬೇಕಾದ್ದು ಹೆಚ್ಚಾಗಿ ಈ ಕೊನೆಯ ದುಡ್ಡಿನಿಂದ. ನಮ್ಮ ಸಣ್ಣ ಪಂಚಾಯತುಗಳಲ್ಲಿ ಅದು ತೀರಾ ತೆಳು.

ನೋಡಬೇಕಾದ ಕಾಗದ ಮೂರು. ಮಾರ್ಚ್ ಮುಗಿಯುವ ಮೊದಲು ಮಂಜೂರಾಗುವ ಬಜೆಟ್. ವರ್ಷ ಮುಗಿದ ಮೇಲೆ ಬರುವ ವಾರ್ಷಿಕ ಹಣಕಾಸು ಪಟ್ಟಿ, ಅದರಲ್ಲಿ ಬ್ಯಾಲೆನ್ಸ್ ಶೀಟ್ ಇರುತ್ತದೆ. ರಾಜ್ಯ ಆಡಿಟ್ ಇಲಾಖೆಯ ವರದಿ. ಮಲಯಾಳ ಓದಲು ತಡವರಿಸುವವರು ಈ ಕೆಲವು ಪದಗಳನ್ನು ಗುರುತು ಹಿಡಿದರೆ ಸಾಕು: ವಾಯ್ಪ ಎಂದರೆ ಸಾಲ, ಪಲಿಶ ಬಡ್ಡಿ, ತಿರಿಚ್ಚಡವು ಮರುಪಾವತಿ, ಕುಡಿಶ್ಶಿಕ ಬಾಕಿ, ಬಾಧ್ಯತ ಹೊಣೆ. ಆಡಿಟ್ ವರದಿಯಲ್ಲಿ ‘ಕುಡಿಶ್ಶಿಕ’ ಎಲ್ಲೆಲ್ಲ ಬರುತ್ತದೆ ಎಂದು ಹುಡುಕುವುದೇ ಒಂದು ಒಳ್ಳೆಯ ಶುರು.

ಮನೆಯಿಲ್ಲದವರಿಗಾಗಿ ಇರುವ ಸರ್ಕಾರದ ಲೈಫ್ ಮನೆ ಯೋಜನೆಯನ್ನು ಮೊದಲು ನೋಡಿ, ಯಾಕೆಂದರೆ ಅದು ಪ್ರತಿ ಪಂಚಾಯತಿನಲ್ಲೂ ಇದೆ. ಈ ಮನೆಗಳ ಹಣದ ಒಂದು ಪಾಲು ಹುಡ್ಕೊದಿಂದ ಸ್ಥಳೀಯ ಸಂಸ್ಥೆಗಳಿಗಾಗಿ ತೆಗೆದ ಸಾಲ. ಬಡ್ಡಿ ಸರ್ಕಾರದ್ದು, ಅಸಲು ಸ್ಥಳೀಯ ಸಂಸ್ಥೆಯ ಮುಂದಿನ ವರ್ಷಗಳ ಅಭಿವೃದ್ಧಿ ಫಂಡಿನಿಂದ ಕಡಿತ. ಮನೆ ಸಿಕ್ಕಿದವರಿಗೆ ಸಂತೋಷ, ಅದು ನ್ಯಾಯವೇ. ಆದರೆ ಮುಂದೆ ‘ಈ ಸಲ ರಸ್ತೆಗೆ ಫಂಡಿಲ್ಲ’ ಎಂದು ಮೆಂಬರ್ ಹೇಳಿದಾಗ, ಯಾಕಿಲ್ಲ ಎಂಬುದರ ಒಂದು ಕಾರಣ ಇಲ್ಲಿರಬಹುದು. ಸರ್ಕಾರ ಯಾವ ಸ್ಥಳೀಯ ಸಂಸ್ಥೆಗೆ ಎಷ್ಟು ಇಟ್ಟಿದೆ ಎಂಬುದು ಬಜೆಟ್‌ನ ನಾಲ್ಕನೇ ಅನುಬಂಧದಲ್ಲಿದೆ. ಹೆಸರು ಹುಡುಕಿ ನೋಡಿ.

ಇನ್ನು ಶಾಪಿಂಗ್ ಕಾಂಪ್ಲೆಕ್ಸ್. ಸ್ಥಳೀಯ ಸಂಸ್ಥೆ ಸಾಲ ತೆಗೆಯುವುದು ಎಂದರೆ ಬಸ್ ನಿಲ್ದಾಣದ ಪಕ್ಕ ಒಂದು ಮೂರು ಮಹಡಿಯ ಕಟ್ಟಡ ಎಂಬಂತಾಗಿದೆ. ಒಂದು ಕಾಲ್ಪನಿಕ ಲೆಕ್ಕ ಹಾಕೋಣ. ನಗರಸಭೆ 5 ಕೋಟಿ ಸಾಲ ತೆಗೆಯಿತು. ಬಡ್ಡಿ ಶೇ. 9, ಅವಧಿ 15 ವರ್ಷ, ಸಮಾನ ಕಂತು. ವರ್ಷಕ್ಕೆ ಕಂತು ಸುಮಾರು 62 ಲಕ್ಷ. 15 ವರ್ಷದಲ್ಲಿ ಒಟ್ಟು ಕಟ್ಟುವುದು 9 ಕೋಟಿ 30 ಲಕ್ಷ.

ಈಗ ಆದಾಯ. 60 ಕೋಣೆ, ತಿಂಗಳಿಗೆ 6,000 ರೂಪಾಯಿ ಬಾಡಿಗೆ. ಎಲ್ಲವೂ ಭರ್ತಿಯಾದರೆ ವರ್ಷಕ್ಕೆ 43 ಲಕ್ಷ 20 ಸಾವಿರ. ಆಗಲೇ ಕಂತಿಗೆ ಸುಮಾರು 19 ಲಕ್ಷ ಕಮ್ಮಿ. ಮೇಲಿನ ಮಹಡಿಯ 15 ಕೋಣೆ ಖಾಲಿ ಬಿದ್ದರೆ ಬಾಡಿಗೆ 32 ಲಕ್ಷ 40 ಸಾವಿರ, ಕೊರತೆ 30 ಲಕ್ಷದ ಹತ್ತಿರ. ಮೇಲಿನ ಮಹಡಿ ಖಾಲಿ ಬೀಳುತ್ತದೋ ಇಲ್ಲವೋ ಎಂದು ನಿಮ್ಮ ಪೇಟೆಯಲ್ಲಿ ತಲೆಯೆತ್ತಿ ನೋಡಿದರೆ ಗೊತ್ತಾಗುತ್ತದೆ. ಕಟ್ಟಡ ಎರಡು ವರ್ಷ ತಡವಾದರೆ? ಸಾಲ ಪೂರ್ತಿ ಕೈಗೆ ಬಂದಿದ್ದರೆ ಬರೀ ಬಡ್ಡಿಯೇ ವರ್ಷಕ್ಕೆ 45 ಲಕ್ಷ, ಬಾಡಿಗೆ ಸೊನ್ನೆ. ಈ ಹಣ ಕಟ್ಟಡ ತೆರಿಗೆಯಿಂದ, ಅಂದರೆ ನಿಮ್ಮಿಂದ, ಹೋಗುತ್ತದೆ.

ಇನ್ನೊಂದು ಸೂಕ್ಷ್ಮ ಇದೆ. ಅಂಗಡಿ ಹಿಡಿದವರಿಂದ ಮುಂಗಡ ಠೇವಣಿ ತೆಗೆದುಕೊಳ್ಳುತ್ತಾರೆ. ಅದು ಕೈಗೆ ಬಂದ ವರ್ಷ ನಗರಸಭೆ ಶ್ರೀಮಂತವಾದಂತೆ ಕಾಣುತ್ತದೆ. ಆದರೆ ಬಾಡಿಗೆದಾರ ಖಾಲಿ ಮಾಡುವಾಗ ಹಿಂದಿರುಗಿಸಬೇಕು. ಬ್ಯಾಲೆನ್ಸ್ ಶೀಟಿನ ಬಾಧ್ಯತೆಯ ಕಡೆ ‘ಡೆಪಾಸಿಟ್’ ಎಂಬ ಸಾಲನ್ನು ನೋಡಿ, ಅಷ್ಟು ದುಡ್ಡು ಬ್ಯಾಂಕಿನಲ್ಲಿ ಇದೆಯೇ ಎಂದು ಇನ್ನೊಂದು ಕಡೆ ನೋಡಿ.

ಹಾಗಾದರೆ ಎಷ್ಟು ಸಾಲ ಸುರಕ್ಷಿತ? ಕೊಲಂಬಿಯಾದವರು 1997ರಲ್ಲಿ ಟ್ರಾಫಿಕ್ ಸಿಗ್ನಲ್ ಹಾಗಿನ ಕಾನೂನು ಮಾಡಿದರು. ಸ್ಥಳೀಯ ಸರ್ಕಾರದ ಆದಾಯದಿಂದ ದೈನಂದಿನ ಖರ್ಚು ಕಳೆದರೆ ಉಳಿಯುವುದು ಉಳಿತಾಯ. ಕಾನೂನು ಬಂದಾಗಿನ ಅಳತೆ ಹೀಗಿತ್ತು: ಬಡ್ಡಿ ಆ ಉಳಿತಾಯದ ಶೇ. 40ರ ಒಳಗಿದ್ದರೆ ಹಸಿರು. 40ರಿಂದ 60 ಹಳದಿ, ಮೇಲಿನವರ ಅನುಮತಿ ಬೇಕು. 60 ದಾಟಿದರೆ ಕೆಂಪು. ಒಟ್ಟು ಸಾಲ ವರ್ಷದ ಆದಾಯದ ಶೇ. 80 ಮೀರಿದರೂ ಕೆಂಪು. ಆ ದೇಶಕ್ಕೆ ಮಾಡಿದ ಅಳತೆ ನಮಗೆ ಹಾಗೆಯೇ ಹೊಂದುವುದಿಲ್ಲ. ಆದರೂ ನಿಮ್ಮ ನಗರಸಭೆಯ ಸ್ವಂತ ಆದಾಯಕ್ಕೆ ಈ ಲೆಕ್ಕ ಹಾಕಿ ನೋಡಿ, ಕಾಲು ಗಂಟೆಯ ಕೆಲಸ. ನನ್ನ ಅಭಿಪ್ರಾಯದಲ್ಲಿ ಕಟ್ಟಡ ಕಟ್ಟುವ ಮೊದಲು ಇಂಥದ್ದೊಂದು ಲೆಕ್ಕ ಕೌನ್ಸಿಲಿನ ಮೇಜಿಗೆ ಬರಲೇಬೇಕು.

ಸಣ್ಣ ಊರುಗಳಿಗೆ ಇನ್ನೊಂದು ದಾರಿಯನ್ನು ತಮಿಳುನಾಡು ತೋರಿಸಿದೆ. 2002ರಲ್ಲಿ 13 ಸಣ್ಣ ಪಟ್ಟಣಗಳು ಒಟ್ಟಾಗಿ ನೀರು, ಚರಂಡಿ ಯೋಜನೆಗಳಿಗೆ ಒಂದೇ ಬಾಂಡ್ ಮೂಲಕ 30 ಕೋಟಿಯಷ್ಟು ಎತ್ತಿದವು. ಒಂದೊಂದಾಗಿ ಹೋಗಿದ್ದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಅಹಮದಾಬಾದ್ 1998ರಲ್ಲಿ ಸರ್ಕಾರದ ಗ್ಯಾರಂಟಿಯಿಲ್ಲದೆ 100 ಕೋಟಿಯ ಬಾಂಡ್ ಬಿಟ್ಟು ಹೆಸರು ಮಾಡಿತು, ಆದರೆ ಅದು ದೊಡ್ಡ ಊರು. ನಮ್ಮ ಮೂರು ನಗರಸಭೆಗಳಿಗೆ ಅಹಮದಾಬಾದಿಗಿಂತ ತಮಿಳುನಾಡಿನ ಆ ದಾರಿಯೇ ಹತ್ತಿರದ್ದು.

ಹಂತ 6: ಕೊಡದೆ ಇಟ್ಟ ಬಿಲ್ಲೂ ಸಾಲವೇ

ಗುತ್ತಿಗೆದಾರರನ್ನು ಕೇಳಿ, ಅವರು ಗಂಟೆಗಟ್ಟಲೆ ಹೇಳುತ್ತಾರೆ. ಕೆಲಸ ಮುಗಿದಿದೆ, ಎಂಜಿನಿಯರ್ ಅಳತೆ ತೆಗೆದಿದ್ದಾರೆ, ಬಿಲ್ಲು ಟ್ರೆಷರಿಗೆ ಹೋಗಿದೆ. ಅಲ್ಲಿ ಕ್ಯೂ. ಸರ್ಕಾರದ ಕೈಯಲ್ಲಿ ನಗದು ಕಮ್ಮಿಯಾದಾಗ ಇಂತಿಷ್ಟು ಲಕ್ಷಕ್ಕಿಂತ ದೊಡ್ಡ ಬಿಲ್ಲಿಗೆ ‘ವೇಸ್ ಆಂಡ್ ಮೀನ್ಸ್’ ಅನುಮತಿ, ಅಂದರೆ ಕೈಯಲ್ಲಿರುವ ನಗದು ನೋಡಿ ಹಣಕಾಸು ಇಲಾಖೆ ಕೊಡುವ ಅನುಮತಿ, ಬೇಕು ಎಂದು ಆದೇಶ ಬರುತ್ತದೆ. ಮಾರ್ಚ್ 31 ದಾಟಿತೋ, ಆ ಕೆಲಸ ‘ಸ್ಪಿಲ್ ಓವರ್’ ಆಗಿ ಮುಂದಿನ ವರ್ಷಕ್ಕೆ ಹೋಗುತ್ತದೆ. ಹೊಸ ವರ್ಷದ ಫಂಡಿನ ಒಂದು ತುಂಡನ್ನು ಹಳೆ ಬಿಲ್ಲು ತಿನ್ನುತ್ತದೆ.

ಇದು ಬಡ್ಡಿಯಿಲ್ಲದ ಸಾಲದ ಹಾಗೆ ಕಾಣುತ್ತದೆ. ಬಡ್ಡಿ ಇದೆ, ಅದನ್ನು ಕಟ್ಟುವವರು ಬೇರೆ. ಗುತ್ತಿಗೆದಾರ ಬ್ಯಾಂಕಿನಲ್ಲಿ ಬಿಲ್ಲು ತೋರಿಸಿ ಸಾಲ ತೆಗೆಯುತ್ತಾನೆ, ಮುಂದಿನ ಟೆಂಡರಿನಲ್ಲಿ ಆ ಬಡ್ಡಿಯನ್ನು ಸೇರಿಸಿ ದರ ಹಾಕುತ್ತಾನೆ. ನೌಕರರ ತುಟ್ಟಿಭತ್ಯೆಯ ಬಾಕಿ, ತಿಂಗಳುಗಟ್ಟಲೆ ನಿಂತ ಪಿಂಚಣಿ ಬಾಕಿಯೂ ಇದೇ ಲೆಕ್ಕ. ದಕ್ಷಿಣ ಆಫ್ರಿಕಾದ 2003ರ ನಗರಸಭೆ ಹಣಕಾಸು ಕಾನೂನು ಈ ವಿಷಯದಲ್ಲಿ ಕಟ್ಟುನಿಟ್ಟು: ಅಲ್ಪಾವಧಿ ಸಾಲವನ್ನು ಅದೇ ಹಣಕಾಸು ವರ್ಷದೊಳಗೆ ತೀರಿಸಬೇಕು, ಮುಂದಕ್ಕೆ ಹಾಕುವಂತಿಲ್ಲ. ದೀರ್ಘಾವಧಿ ಸಾಲಕ್ಕೆ ಕೌನ್ಸಿಲ್ ಸಭೆಗೆ ಕನಿಷ್ಠ 21 ದಿನ ಮೊದಲು ಸಾಲದ ವಿವರ ಪ್ರಕಟಿಸಿ ಜನರ ಅಭಿಪ್ರಾಯ ಕೇಳಬೇಕು. ನಮ್ಮಲ್ಲಿ ಜನರಿಗೆ ಗೊತ್ತಾಗುವುದು ಶಿಲಾನ್ಯಾಸದ ಫ್ಲೆಕ್ಸ್ ಬಿದ್ದ ಮೇಲೆ.

ಹಂತ 7: ಕೇಳಿ, ಕನ್ನಡದಲ್ಲೇ ಕೇಳಿ

ಗ್ರಾಮಸಭೆ ಮೂರು ತಿಂಗಳಿಗೊಮ್ಮೆ ಸೇರಬೇಕು. ನಗರಸಭೆಯಲ್ಲಾದರೆ ವಾರ್ಡ್ ಸಭೆ. ಹೆಚ್ಚಿನವರು ಫಲಾನುಭವಿ ಪಟ್ಟಿಗೆ ಹೆಸರು ಹಾಕಿಸಲು ಬಂದು ಸಹಿ ಮಾಡಿ ಹೋಗುತ್ತಾರೆ. ಯೋಜನೆ ಚರ್ಚೆಯಾಗುವ ಸಭೆಯಲ್ಲಿ ಈ ಪ್ರಶ್ನೆ ಕೇಳಿ: ಈ ವರ್ಷದ ಫಂಡಿನಲ್ಲಿ ಹಳೆ ಸಾಲದ ಕಂತಿಗೆ ಎಷ್ಟು, ಸ್ಪಿಲ್ ಓವರ್‌ಗೆ ಎಷ್ಟು, ನಿಜವಾಗಿ ಹೊಸ ಕೆಲಸಕ್ಕೆ ಉಳಿದದ್ದು ಎಷ್ಟು? ಜಗಳದ ಧಾಟಿ ಬೇಡ. ಮೆಂಬರಿಗೇ ಗೊತ್ತಿರದಿದ್ದರೆ ಸೆಕ್ರೆಟರಿಯನ್ನು ಕೇಳಿ ಹೇಳಲಿ. ಪ್ರಶ್ನೆ ಸಭೆಯ ಮಿನಿಟ್ಸ್‌ನಲ್ಲಿ ದಾಖಲಾಗುವಂತೆ ನೋಡಿಕೊಳ್ಳಿ.

ಉತ್ತರ ಸಿಗದಿದ್ದರೆ ಮಾಹಿತಿ ಹಕ್ಕು ಅರ್ಜಿ. 10 ರೂಪಾಯಿಯ ಕೋರ್ಟ್ ಫೀ ಸ್ಟಾಂಪ್ ಅಂಟಿಸಿದರೆ ಸಾಕು. ಬಿಪಿಎಲ್ ಕಾರ್ಡಿನವರಿಗೆ ಅದೂ ಬೇಡ. ಭಾಷಾ ಅಲ್ಪಸಂಖ್ಯಾತ ಪ್ರದೇಶ ಎಂದು ಘೋಷಿಸಿದ ಕಡೆ ಸರ್ಕಾರಿ ಕಚೇರಿಗಳ ಜೊತೆ ಕನ್ನಡದಲ್ಲಿ ಪತ್ರ ವ್ಯವಹಾರ ಮಾಡಲು, ಕನ್ನಡದಲ್ಲೇ ಉತ್ತರ ಪಡೆಯಲು ಕೇರಳದ ಅಧಿಕೃತ ಭಾಷಾ ಕಾನೂನಿನಲ್ಲೇ ಅವಕಾಶವಿದೆ. ಆದ್ದರಿಂದ ಕನ್ನಡದಲ್ಲಿ ಬರೆಯಿರಿ. ಆದರೆ ಲೆಕ್ಕದ ಪದಗಳನ್ನು ಅವರ ಕಡತದಲ್ಲಿ ಇರುವ ಹಾಗೆಯೇ ಹಾಕಿ, ಇಲ್ಲವಾದರೆ ‘ಅಂಥ ದಾಖಲೆ ಇಲ್ಲ’ ಎಂದು ಸುಲಭದಲ್ಲಿ ಕೈತೊಳೆದುಕೊಳ್ಳುತ್ತಾರೆ.

‘ಪಂಚಾಯತಿನ ಸಾಲ ಎಷ್ಟು’ ಎಂದು ಸುಮ್ನೆ ಕೇಳಬೇಡಿ. ಹೀಗೆ ಕೇಳಿ: ಕಳೆದ ಮಾರ್ಚ್ 31ಕ್ಕೆ ಬಾಕಿ ಇರುವ ಪ್ರತಿ ಸಾಲದ ಮೊತ್ತ, ಕೊಟ್ಟ ಸಂಸ್ಥೆ, ಬಡ್ಡಿದರ, ಕೊನೆಯ ಕಂತಿನ ದಿನಾಂಕ. ಸಾಲಕ್ಕೆ ಒಪ್ಪಿಗೆ ಕೊಟ್ಟ ಆಡಳಿತ ಸಮಿತಿ ನಿರ್ಣಯದ ಮತ್ತು ಸರ್ಕಾರಿ ಆದೇಶದ ಪ್ರತಿ. ಕಳೆದ ಮೂರು ವರ್ಷ ಕಟ್ಟಿದ ಕಂತು, ಅದನ್ನು ಯಾವ ಫಂಡಿನಿಂದ ಕಟ್ಟಿದ್ದು. ಸಾಲದಿಂದ ಕಟ್ಟಿದ ಕಟ್ಟಡದಲ್ಲಿ ಎಷ್ಟು ಕೋಣೆ ಬಾಡಿಗೆಗೆ ಹೋಗಿದೆ, ಬಾಡಿಗೆ ಬಾಕಿ ಎಷ್ಟು. ಟ್ರೆಷರಿಯಲ್ಲಿ ಪಾವತಿಯಾಗದೆ ಉಳಿದ ಬಿಲ್ಲುಗಳ ಪಟ್ಟಿ.

30 ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ ಅಥವಾ ಅರ್ಧಂಬರ್ಧ ಬಂದರೆ ಮತ್ತೆ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಬಹುದು, ಅದರ ವಿಳಾಸ ಉತ್ತರ ಪತ್ರದಲ್ಲೇ ಇರಬೇಕು. ಅರ್ಜಿ ಕೊಟ್ಟ ದಿನ ಸಿಕ್ಕಿದ ರಶೀದಿಯನ್ನು ಜೋಪಾನವಾಗಿ ಇಟ್ಟುಕೊಳ್ಳಿ, ಮೇಲ್ಮನವಿಗೆ ಅದರ ಪ್ರತಿ ಲಗತ್ತಿಸಬೇಕಾಗುತ್ತದೆ.